ಹಲ್ಲು ಬೆಳೆದ ಮೀನು

"ಸಹಿ ಮಾಡಲೇ ಲಾಡ್ಲೆ. ಜವಾನಗ ಇಷ್ಟು ಸೊಕ್ಕು ಇರಬಾರದು."

"ಮಾಡೂದಿಲ್ರಿ ಸರ್. ಈ ಮೀನ ಭೀಮಾ ಹೊಳಿದಲ್ರಿ."

"ನಿನ್ನೆ ಅಫಜಲಪುರದಾಗ ನಾನ ಹಿಡದೇನಿ. ನಾ ಸುಳ್ಳ ಅಂತಿಯೇನ?"

"ನಾ ಅಂದಿಲ್ರಿ. ಅದರ ಹಲ್ಲ ಅನ್ನಾಕತ್ತಾವ."

ಇದು ೧೯೮೪ರ ಜಗಳ. ಆಳಂದದ ಕಾಲೇಜೊಂದರ ಪ್ರಾಣಿಶಾಸ್ತ್ರದ ಕೋಣೆ. ಒಂದು ಕಡೆ ಅಧ್ಯಾಪಕ ಚಂದ್ರಾಮಪ್ಪ, ಇನ್ನೊಂದು ಕಡೆ ಜವಾನ ಲಾಡ್ಲೆಸಾಬ. ನಡುವೆ ಗಾಜಿನ ಭರಣಿಯಲ್ಲಿ ಹೆಬ್ಬೆರಳಿನಷ್ಟು ಜೀವಂತ ಮೀನು. ಮುಟ್ಟಿದರೆ ಹೊಟ್ಟೆ ಉಬ್ಬಿಸಿ ಚೆಂಡಾಗುವ ಸಿಹಿನೀರಿನ ಪಫರ್. ಭೀಮಾದಲ್ಲಿ ಯಾರೂ ಕಾಣದ ಮೀನು ಸಿಕ್ಕಿತೆಂದು ಸರ್ ಪತ್ರಿಕೆಗೆ ಬರೆಯುವವರಿದ್ದರು. ಹಿಡಿಯುವಾಗ ಜೊತೆಗಿದ್ದೆ ಎಂದು ಲಾಡ್ಲೆಸಾಬರು ಸಹಿ ಹಾಕಿದರೆ ಹನ್ನೊಂದು ವರ್ಷದ ಹಂಗಾಮಿ ನೌಕರಿ ಖಾಯಂ.

ಈಗ ೧೯೯೩. ಅಫಜಲಪುರದ ಹೊಳೆದಂಡೆಯಲ್ಲಿ ಇನ್ನೂ ಸೂರ್ಯ ಮೂಡಿಲ್ಲ. ಐವತ್ತೆಂಟರ ಲಾಡ್ಲೆಸಾಬರು ಮೊಣಕಾಲುದ್ದ ನೀರಲ್ಲಿ ನಿಂತು ಬಲೆ ಬಿಡಿಸುತ್ತಿದ್ದಾರೆ. ಗುರುತು ಸಿಗದ ಮೀನು ಬಂದರೆ ಉಳಿದ ಬಲೆಗಾರರು ಇವರ ಮುಂದೆ ತಂದು ಹಿಡಿಯುತ್ತಾರೆ. ಇವರು ಮೊದಲು ನೋಡುವುದು ಬಾಯಿ.

ಓದಿದ್ದು ಮೂರನೆಯ ಇಯತ್ತೆವರೆಗೆ. ಕಾಲೇಜಿಗೆ ಸೇರಿದ್ದು ಕಸ ಹೊಡೆಯಲು. ಹೈದರಾಬಾದಿನಿಂದ ಆರು ಪಫರ್ ಮೀನು ಬಂದಾಗ, ಕಲಿತವರೆಲ್ಲ ಬೇಯಿಸಿದ ತತ್ತಿ ಹಾಕಿ ಸಾಕಿದರು. ಹಲ್ಲು ಬೆಳೆದು ಬಾಯಿ ಮುಚ್ಚದೆ ಎರಡು ಹಸಿದು ಸತ್ತವು. ಲಾಡ್ಲೆಸಾಬರು ಗಡಿಗೆಯಲ್ಲಿ ಬಸವನಹುಳು ಸಾಕಿದರು. ದಿನಕ್ಕೆ ನಲವತ್ತು. ಚಿಪ್ಪು ಕಡಿದು ಹಲ್ಲು ಸವೆದವು, ಉಳಿದ ನಾಲ್ಕು ಬದುಕಿದವು. ಬದಿಗೆ ಕಣ್ಣಿನಂಥ ಚುಕ್ಕೆ ಇದ್ದರೆ ಒಂದು ಜಾತಿ, ಬೆನ್ನ ತುಂಬ ಚುಕ್ಕೆ ಇದ್ದರೆ ಇನ್ನೊಂದು. ಹುಡುಗರು ಪುಸ್ತಕ ತೆರೆಯುವ ಮೊದಲೇ ಇವರು ಹೇಳಿಬಿಡುತ್ತಿದ್ದರು. ಇವರ ಹೆಸರು ಮಾತ್ರ ಕಾಲೇಜಿನ ಯಾವ ಪಟ್ಟಿಯಲ್ಲೂ ಇಲ್ಲ. ಜವಾನನ ಹೆಸರು ಯಾರು ಬರೆಯುತ್ತಾರೆ?

"ಹೊಳ್ಯಾಗ ಬೆಳದಿದ್ರ ಹಲ್ಲ ಸವದಿರತಿದ್ವು," ಎನ್ನುತ್ತಾರೆ ಲಾಡ್ಲೆಸಾಬರು, ಬಲೆ ಬಿಡಿಸುತ್ತ. "ಅದರ ಹಲ್ಲ ತುಟಿ ದಾಟಿ ಬಂದಿದ್ವು ನೋಡ್ರಿ. ಗಾಜಿನ್ಯಾಗ ಮೆತ್ತಂದು ತಿಂದ ಮೀನ ಅದು. ನಿನ್ನೆ ಹಿಡದದ್ದ ಹೆಂಗಾಗತೈತಿ?"

ದಂಡೆಯ ಮೇಲೆ ಬುಟ್ಟಿ ಹಿಡಿದು ನಿಂತ ಹೆಂಡತಿ ಮುಮತಾಜ ನಗುತ್ತಾರೆ. "ಮೀನಿನ ಹಲ್ಲಿನ ಸಲುವಾಗಿ ನೌಕರಿ ಬಿಟ್ಟವರು ದುನಿಯಾದಾಗ ಇವರೊಬ್ಬರ ಇರಬೇಕ್ರಿ."

"ನಿನಗೂ ಹಲ್ಲ ಅದಾವಲ್ಲ ಬೇ, ಅದಕ್ಕ ನಿನ್ನ ಬಿಡಲಿಲ್ಲ," ಎಂದು ಇವರೂ ನಗುತ್ತಾರೆ. ಆಮೇಲೆ ಬಲೆಯ ಗಂಟಿಗೆ ಕೈ ಹಾಕುತ್ತಾರೆ. ಆ ಕೋಣೆಯ ಫಾರ್ಮಲಿನ್ ವಾಸನೆ, ಮುಂಜಾನೆ ಮೀನುಗಳು ಚಿಪ್ಪು ಕಡಿಯುವ ಕಟಕಟ ಸಪ್ಪಳ ಇನ್ನೂ ನೆನಪಿವೆಯಂತೆ.

"ಆ ನೌಕರಿ ಆಸಿ ಏನ ಇಲ್ರಿ. ಮೀನ ನೀರ ಕುಡೀಲಾರದ ಹೊಳಿ ಹೆಸರ ಅದರ ಭರಣಿ ಮ್ಯಾಲ ಬರೀಬಾರದು. ಅಷ್ಟ."

ಆ ಜಗಳದ ದಿನ ಲಾಡ್ಲೆಸಾಬರು ಸಹಿ ಹಾಕಬೇಕಿದ್ದ ಪುಸ್ತಕ ಮುಚ್ಚಿದರು. ಮೀನನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ, ಉಗುರು ಕತ್ತರಿಸುವ ಕಟರಿನಿಂದ ಬೆಳೆದ ಹಲ್ಲು ಕತ್ತರಿಸಿ, ತೊಟ್ಟಿಯ ನೀರಿಗೆ ಬಿಟ್ಟರು. ಗಡಿಗೆಯ ಬಸವನಹುಳುಗಳನ್ನೆಲ್ಲ ಅದೇ ತೊಟ್ಟಿಗೆ ಸುರಿದು, ಕೋಣೆಯ ಕೀಲಿಕೈ ಮೇಜಿನ ಮೇಲಿಟ್ಟರು.

"ನಾಳೆ ಬಂದು ಕಾಲ ಹಿಡೀತಿ," ಎಂದರು ಸರ್.

"ಹಲ್ಲ ಸವದಾವೇನು ನೋಡಕೋತ ಇರ್ರಿ," ಎಂದು ಲಾಡ್ಲೆಸಾಬರು ಮೆಟ್ಟಿಲು ಇಳಿದರು. ಆ ಮೆಟ್ಟಿಲನ್ನು ಮತ್ತೆ ಹತ್ತಿಲ್ಲ.