ಮಾಳಿಂಗರಾಯನ ಡೊಳ್ಳು, ನನ್ನ ಸ್ಪೀಕರ್

ಸಿಂದಗಿಯಲ್ಲಿ ನನ್ನದೊಂದು ಸೌಂಡ್ ಸರ್ವಿಸ್ ಅಂಗಡಿ ಇದೆ. ಮದುವೆ, ಭಾಷಣ, ಮೆರವಣಿಗೆ, ಯಾವುದಕ್ಕೆ ಕರೆದರೂ ಸ್ಪೀಕರ್ ಹೇರಿಕೊಂಡು ಹೋಗುತ್ತೇನೆ. ಇಷ್ಟು ವರ್ಷಗಳಲ್ಲಿ ಯಂಕಂಚಿಯ ಮಾಳಿಂಗರಾಯ ತಿಂದಷ್ಟು ನನ್ನ ತಲೆಯನ್ನು ಯಾವ ಗಿರಾಕಿಯೂ ತಿಂದಿಲ್ಲ. ಅವನು ಗಿರಾಕಿಯಾಗಿದ್ದರೆ ಬೇರೆ ಅಂಗಡಿ ನೋಡಿಕೋ ಎನ್ನಬಹುದಿತ್ತು. ಗೆಳೆಯ, ಏನು ಮಾಡುವುದು?

ಅವನ ಅಪ್ಪ ಕಾಳಪ್ಪ ಡೊಳ್ಳಿನ ಮೇಳದ ಹಿರಿಯ. ಇಂಡಿಯಿಂದ ಮುದ್ದೇಬಿಹಾಳದವರೆಗೆ ಆತನ ಪೆಟ್ಟು ಗೊತ್ತಿಲ್ಲದ ಊರಿಲ್ಲ. ನಮ್ಮ ಕಡೆ ಡೊಳ್ಳು ಕೇಳಿ ಮೈಮರೆತ ಹಿರಿಯರು ಚಪ್ಪಾಳೆ ತಟ್ಟುವುದಿಲ್ಲ. ಮುಷ್ಟಿ ತುಂಬ ಭಂಡಾರ, ಅಂದರೆ ದೇವರ ಅರಿಶಿಣ ಪುಡಿ, ಡೊಳ್ಳಿನ ಮೇಲೂ ಬಾರಿಸುವವನ ಮೇಲೂ ತೂರುತ್ತಾರೆ. ಕಾಳಪ್ಪನ ಅಂಗಿಗಳೆಲ್ಲ ಹಳದಿ. ಮಾಳಿಂಗರಾಯನ ಅಂಗಿಗೆ ಒಂದು ಚಿಟಿಕೆಯೂ ಬಿದ್ದಿರಲಿಲ್ಲ.

ಬೀಳುವುದಾದರೂ ಹೇಗೆ? ಎಲ್ಲರೂ ಡೊಳ್ಳಿನ ಚರ್ಮ ಬಡಿದರೆ ಇವನು ಅದರ ಕಟ್ಟಿಗೆ ಬಡಿಯುವವನು. ಡೊಳ್ಳಿನ ಮೇಲೆ ಜೋಳ ಚೆಲ್ಲಿ ಅದು ಕುಣಿಯುವ ಸದ್ದು ಕೇಳುವವನು. ಹೂವಿನ ಹಿಪ್ಪರಗಿಯ ಮದುವೆ ಮೆರವಣಿಗೆಯಲ್ಲಂತೂ ಅತಿರೇಕಕ್ಕೆ ಹೋದ. ತಾಳ ಏರಿ ಏರಿ ಜನ ಕುಣಿಯುತ್ತಿದ್ದಾಗ ಕೋಲು ಎತ್ತಿ ಹಿಡಿದು ಸುಮ್ಮನೆ ನಿಂತುಬಿಟ್ಟ. ಮೇಳವೆಲ್ಲ ಮುಗ್ಗರಿಸಿತು. ವರನ ಸೋದರಮಾವ ಬ್ಯಾಂಡಿನವನ ಮೇಲೆ ಬಿದ್ದ.

"ಕೈ ಎತ್ತಿ ಸುಮ್ಮನ ನಿಂದರೂದು ಬಾರ್ಸೂದೇನಲೇ?" ಎಂದ ಕಾಳಪ್ಪ.

"ಡೊಳ್ಳು ಸುಮ್ಮನಾದಾಗ ಮಂದಿ ಎದಿಯಾಗ ತಾಳ ನಡೀತೈತಪ್ಪಾ. ಅದನ್ನ ಕೇಳಸ್ಬೇಕಂತ..."

ಕಾಳಪ್ಪ ಮಾತು ಮುಗಿಯಲು ಬಿಡಲಿಲ್ಲ. ಎಲ್ಲರೆದುರು ಮಗನ ಕೊರಳಿನಿಂದ ಡೊಳ್ಳು ತೆಗೆಸಿದ. ಅಂದಿನಿಂದ ಮಾಳಿಂಗರಾಯ ಮೇಳದಲ್ಲಿಲ್ಲ.

ಇಲ್ಲಿಗಾದರೂ ಹುಚ್ಚು ಇಳಿಯಬೇಕಿತ್ತಲ್ಲ? ಎಲ್ಲಿಂದಲೋ ಹಳೆಯ ಲ್ಯಾಪ್‌ಟಾಪ್ ತಂದ. ಬೋರ್‌ವೆಲ್ ಕೊರೆಯುವ ಸದ್ದು, ಹಿಟ್ಟಿನ ಗಿರಣಿ, ಕುರಿ ಕೊರಳಿನ ಗಂಟೆ, ಕೊನೆಗೆ ಅಪ್ಪ ಹಟ್ಟಿಯಲ್ಲಿ ಡೊಳ್ಳು ಕಾಯಿಸಿ ಬಾರಿಸಿದ್ದನ್ನೂ ಕದ್ದು ರೆಕಾರ್ಡ್ ಮಾಡಿಕೊಂಡ. ಅವನ್ನೆಲ್ಲ ಕತ್ತರಿಸಿ, ಕೂಡಿಸಿ, ಗುಂಯ್ ಎನ್ನಿಸಿ ಇದೇ ಸಂಗೀತ ಎಂದ. ಬಸವನ ಬಾಗೇವಾಡಿಯಲ್ಲಿ ಅದನ್ನು ಕೇಳಿದವರು ನನ್ನ ಸ್ಪೀಕರ್ ಕೆಟ್ಟಿದೆ ಎಂದು ನನಗೇ ಬೈದರು. ಮುದ್ದೇಬಿಹಾಳದಲ್ಲಿ ಅರ್ಧ ಸಭೆ ಮಿರ್ಚಿ ಭಜಿ ತಿನ್ನಲು ಎದ್ದು ಹೋಯಿತು. ಪುಣೆಯಿಂದ ಮಾತ್ರ ಕರೆ ಬಂತು. ಅಲ್ಲಿನ ಹುಡುಗರು ಕಣ್ಣು ಮುಚ್ಚಿ ತಲೆ ತೂಗಿದರು, ಎದ್ದು ನಿಂತು ಚಪ್ಪಾಳೆ ತಟ್ಟಿದರು. ಇನ್ನಾದರೂ ಸಮಾಧಾನವೇ ಎಂದರೆ ಅದೂ ಇಲ್ಲ.

"ಅಪ್ಪ ಕೇಳಿಲ್ಲಲ್ಲೋ ಸುಭಾಸ. ಒಂದ ಸಲ ಕೇಳಿ, ಒಂದ ಮುಷ್ಟಿ ಭಂಡಾರ ಹಾರಿಸಿದ್ರ ನನಗ ಸಾಕು."

ಅಪ್ಪನೋ, ಮಗನ ಕಾರ್ಯಕ್ರಮವಿದ್ದ ಓಣಿಯನ್ನೂ ತುಳಿಯುತ್ತಿರಲಿಲ್ಲ. ಇಬ್ಬರ ನಡುವೆ ನಾನು ಅಡಕತ್ತರಿಯಲ್ಲಿ ಸಿಕ್ಕ ಅಡಿಕೆ.

ಹೋದ ವರ್ಷ ಕಾಳಪ್ಪನ ಬಲ ಹೆಗಲು ಹಿಡಿದುಕೊಂಡಿತು. ಕೋಲು ಎತ್ತಲಾಗದೆ ಡೊಳ್ಳು ಗೂಟಕ್ಕೇರಿತು. ಈ ವರ್ಷ ಯಂಕಂಚಿಯಲ್ಲಿ ಸಮುದಾಯ ಭವನ ತೆರೆದರು. ಊರವರು ಮಾಳಿಂಗರಾಯನಿಗೂ ಒಂದಿಷ್ಟು ಹೊತ್ತು ಕೊಟ್ಟರು. ಕಾಳಪ್ಪ ಊರ ಹಿರಿಯ, ಬಾರದೆ ವಿಧಿಯಿರಲಿಲ್ಲ. ಬಾಗಿಲಿನ ಹತ್ತಿರ ಮುಖ ಗಂಟಿಕ್ಕಿ ಕುಳಿತ.

ಮೊದಲು ಗಂಟೆ, ಆಮೇಲೆ ಗಿರಣಿ. ಜನ ಆಗಲೇ ಕಾಲು ಅಲುಗಿಸುತ್ತಿದ್ದರು. ಇವತ್ತೂ ಬೈಗುಳ ನನಗೇ ಗಟ್ಟಿ ಎಂದುಕೊಂಡೆ. ಅಷ್ಟರಲ್ಲಿ ಡೊಳ್ಳು ಬಂತು, ಕಾಳಪ್ಪನದೇ ಡೊಳ್ಳು. ಹೆಗಲು ಗಟ್ಟಿಯಿದ್ದಾಗಿನ ಪೆಟ್ಟು. ಮುದುಕ ತಲೆ ಎತ್ತಿದ. ತಾಳ ಏರಿತು. ಆತ ಎದ್ದು ಒಂದೊಂದೇ ಹೆಜ್ಜೆ ಮುಂದೆ ಬಂದ. ಸೊಂಟದ ಚೀಲಕ್ಕೆ ಎಡಗೈ ಹಾಕಿದ್ದು ಕಂಡಾಗಲೇ ನನ್ನ ಜೀವ ಹಾರಿತು.

"ಕಾಕಾ, ಮಷಿನ್ ಐತ್ರಿ ಅದು" ಎನ್ನುವುದರೊಳಗೆ ಮುಷ್ಟಿ ಭಂಡಾರ ಲ್ಯಾಪ್‌ಟಾಪಿನ ಮೇಲೂ ಮಗನ ತಲೆಯ ಮೇಲೂ ಬಿತ್ತು.

ಟವೆಲ್ ಹಿಡಿದು ಒರೆಸಲು ಹಾರಿದೆ. ಕಾಲಿಗೆ ವೈರ್ ಸಿಕ್ಕಿ ಕಿತ್ತು ಬಂತು. ಆ ಲ್ಯಾಪ್‌ಟಾಪಿನ ಬ್ಯಾಟರಿ ಸತ್ತು ಯಾವ ಕಾಲವಾಗಿತ್ತೋ, ವೈರಿನ ಮೇಲೇ ಬದುಕಿತ್ತು. ತಾಳ ನೆತ್ತಿಗೇರಿದ ಹೊತ್ತಿಗೇ ಎಲ್ಲ ಬಂದ್. ಯಾರೋ ನಕ್ಕರು. ನನಗೆ ನನ್ನ ಮೇಲೇ ಸಿಟ್ಟು ಬಂತು. ಹೂವಿನ ಹಿಪ್ಪರಗಿಯ ಅವಮಾನವನ್ನು ಅವನಿಗೆ ಇನ್ನೊಮ್ಮೆ ನಾನೇ ತಂದುಕೊಟ್ಟಿದ್ದೆ.

ಕಾಳಪ್ಪ ಹಳದಿ ಕೈಯನ್ನು ಹಾಗೇ ಎತ್ತಿ ಹಿಡಿದು ಜನರ ಕಡೆ ತಿರುಗಿದ.

"ಸುಮ್ಮನಿರ್ರಿ. ಅಂವ ಬೇಕಂತ ಬಿಟ್ಟಾನ. ಬರ್ತಾನ, ತಡೀರಿ."

ಸಭೆ ಗಪ್ಪಾಯಿತು. ಮಾಳಿಂಗರಾಯ ಅಪ್ಪನನ್ನು ನೋಡಿದ, ಸತ್ತ ಲ್ಯಾಪ್‌ಟಾಪ್ ನೋಡಿದ. ಕಣ್ಣು ಒರೆಸಿಕೊಂಡು ನನ್ನ ಹೊಸ ಸ್ಪೀಕರಿನ ಮುಂದೆ ಮಂಡಿಯೂರಿ, ಪೆಟ್ಟು ಎಲ್ಲಿ ಬೀಳಬೇಕಿತ್ತೋ ಸರಿಯಾಗಿ ಅಲ್ಲೇ, ಬರಿಗೈಯಿಂದ ಅದರ ಕಟ್ಟಿಗೆಯ ಮೇಲೆ ಬಾರಿಸಿದ. ಇಡೀ ಸಭೆ ಕುಳಿತಲ್ಲೇ ಅಲುಗಾಡಿತು.

ನನ್ನ ಸ್ಪೀಕರ್ ಮುಟ್ಟಬೇಡ ಎಂದು ಬೈಯಲು ಬಾಯಿ ತೆರೆದವನು, ಕಾಳಪ್ಪ ಚೀಲಕ್ಕೆ ಮತ್ತೆ ಕೈ ಹಾಕಿದ್ದು ನೋಡಿ ಟವೆಲ್ ಕೆಳಗಿಟ್ಟೆ.