ಒಣ ಹೊಲದಾಗ ದುಬೈ ಗ್ಯಾಲರಿ

ಮಚ್ಛೇಂದ್ರನ ಬಲಗೈಗೆ ಮೂರೇ ಬಟ್ಟು ಅವ. ಉಳಿದ ಎರಡು ದುಬೈದಾಗ ಹೋದವು. ಅಂವ ದುಬೈ ನೋಡಿಲ್ಲ, ಅದು ಬ್ಯಾರೆ ಮಾತು.

ಅವರ ವಂಶಾನೇ ಹಂಗರಿ. ಅಪ್ಪ ಒಂದು ಗೇಣು ಒಡ್ಡಿನ ಸಲುವಾಗಿ ಸ್ವಂತ ಕಾಕಾನ ಕಾಲು ಮುರಿದಿದ್ದ. ಅಜ್ಜ ಬಾಂದಗಲ್ಲು ಸರಿಸಿದವನ ತಲಿ ಅದೇ ಕಲ್ಲಿಲೆ ಒಡೆದಿದ್ದ, ಕಲ್ಲಿಗೆ ಮಾತ್ರ ಏನೂ ಆಗಲಿಲ್ಲ ಅಂತ ಊರ ಮಂದಿ ಕಲ್ಲನ್ನ ಹೊಗಳ್ತಿದ್ರು. ಸಾಯೋ ಮುಂದ ಅಪ್ಪ ಮಗಗ ಹೇಳಿದ್ದು ಒಂದೇ: ಕೂಡಿ ಇದ್ದ ಆಸ್ತಿ ಕೊಲಿ ಮಾಡಸ್ತದ, ಮೊದಲು ಹಿಸ್ಸಾ ಮಾಡ್ಕೋ.

ಬಟ್ಟು ಹೋದ ವರ್ಷದ ಬರಗಾಲದಾಗ ಔರಾದ ಕಡಿ ಭಾವ್ಯಾಗ ಕೊಡ ಬಿಟ್ರ ಕೊಡದ ತುಂಬ ಬಿಸಲು ಬರ್ತಿತ್ತು. ಕಾಗಿಗೋಳು ಮುಂಜಾನಿ ನೀರು ಕುಡಿಲಾಕ ಹೈದರಾಬಾದಕ್ಕ ಹೋಗಿ ಸಂಜಿಕ ತಿರುಗಿ ಬರ್ತಿದ್ದವು. ಸುಳ್ಳಲ್ರಿ, ಒಂದು ಕಾಗಿಗಂತೂ ಅಲ್ಲೇ ನೌಕರಿ ಹತ್ತಿತು. ಮಂದೀನೂ ಲಾರಿ ಹತ್ತಿ ಕಾಗಿ ಹಿಂದೇ ಹೋದ್ರು. ಹೋಗದೇ ಉಳಿದವರು ಮಚ್ಛೇಂದ್ರ, ಅವನ ತಮ್ಮ ಕಾಶೀರಾಮ. ರೋಡಿನ ಬಾಜೂ ಹೊಲ ಪೆಟ್ರೋಲ್ ಪಂಪಿಗೆ ಮಾರಿದ್ರು, ಕೈಯಾಗ ರೊಕ್ಕ ಇತ್ತು.

ಬೀದರದ ಒಂದು ಲಾಡ್ಜಿನಾಗ ಟೈ ಕಟ್ಟಿದವನೊಬ್ಬ ಚಹಾ ಕುಡಿಸಿ, ದುಬೈದಾಗ ಫ್ಲ್ಯಾಟ್ ತಗೋರಿ, ಮಳಿ ಬರ್ಲಿ ಬಿಡ್ಲಿ ತಿಂಗಳಾ ಕಿರಾಯಿ ಬರ್ತದ ಅಂದ. ಮಳಿ ಇಲ್ದೇ ಬರೋ ಬೆಳಿ ಯಾರು ಬಿಡ್ತಾರ? ಇಬ್ಬರೂ ಕೂಡಿ ಒಂದು ತಗೊಂಡ್ರು. ಹದಿನಾಲ್ಕನೇ ಮಜಲಾ, ಸಮುದ್ರದ ಕಡಿ ಹೊರಗ ಚಾಚಿದ ಗ್ಯಾಲರಿ.

ತಗೊಂಡ ಮ್ಯಾಲ ಮಚ್ಛೇಂದ್ರಗ ಊಟ ಸೇರಲಿಲ್ಲ. ಅಪ್ಪನ ಮಾತು ಕಿವ್ಯಾಗ ಗುಂಯ್ ಅಂತಿತ್ತು. ಕಾಲಿಲೆ ತುಳಿಲಾರದ ಜಾಗಾ ಹಿಸ್ಸಾ ಹ್ಯಾಂಗ ಮಾಡೂದು? ಕಡೀಕ ಒಣಗಿದ ತೊಗರಿ ಹೊಲದಾಗ ಸುಣ್ಣಾ ಹಾಕಿ ಫ್ಲ್ಯಾಟ್ ಇದ್ದಷ್ಟೇ ದೊಡ್ಡದು ಗೆರಿ ಎಳೆದ. ಇಲ್ಲಿ ಅಡಗಿಮನಿ, ಇಲ್ಲಿ ಬಚ್ಚಲ, ಇಲ್ಲಿ ಗ್ಯಾಲರಿ. ಅವ್ವ ಜಿಜಾಬಾಯಿ ನೋಡ್ಲಾಕ ಬಂದಳು. ಬಾಗಿಲದಿಂದೇ ಒಳಗ ಬಂದಳು, ಗೋಡಿ ದಾಟಲಿಲ್ಲ.

ಹಿಸ್ಸಾದ ರಿವಾಜು ಗೊತ್ತಿದ್ದದ್ದೇ. ದೊಡ್ಡಾಂವ ಎರಡು ಪಾಲು ಮಾಡಬೇಕು, ಸಣ್ಣಾಂವ ಮೊದಲು ಆರಿಸಬೇಕು. ಹೊಟ್ಟಿಬಾಕ ಕಾಶೀರಾಮ ಅಡಗಿಮನಿ ಬಿಡೂದಿಲ್ಲ ಅಂದ್ಕೊಂಡು ಮಚ್ಛೇಂದ್ರ ಅಡಗಿಮನಿ ಒಂದು ಪಾಲಿಗೆ, ಗ್ಯಾಲರಿ ಇನ್ನೊಂದಕ್ಕ ಇಟ್ಟ. ಕಾಶೀರಾಮ ಸೀದಾ ಹೋಗಿ ಗ್ಯಾಲರಿಯಾಗ ಕುಂತ. ಇಲ್ಲದ ಸಮುದ್ರದ ಕಡಿ ಮಾರಿ ಮಾಡಿ ಬೀಡಿ ಹಚ್ಚಿದ.

ಮರುದಿನ ನಸುಕಿನ್ಯಾಗ ಮಚ್ಛೇಂದ್ರ ಹಳೀ ಗೆರಿ ಅಳಿಸಿ ಗ್ಯಾಲರಿ ತನ್ನ ಕಡಿ ಎಳ್ಕೊಳ್ಳೂ ಮುಂದ, ಕುಡಗೋಲು ಹಿಡ್ಕೊಂಡು ತಮ್ಮ ಬಂದ. ಕಾಶೀರಾಮ ಬುಟ್ಟಿ ಕಸ್ಕೊಂಡು ಸುಣ್ಣಾ ಅಣ್ಣನ ಕಣ್ಣಿಗೆ ಒಗದ. ಅಣ್ಣ ಕುರುಡಗಣ್ಣಿಲೆ ಕೈಗೆ ಸಿಕ್ಕ ತಲಿ ಹಿಡಿದು ಕಿವಿ ಕಚ್ಚಿ ಹರದ. ಕಬ್ಬಿಣದ ಹಾರಿ ಏಟು ಬಿತ್ತು, ತಮ್ಮನ ಪಕ್ಕೆಲಬು ಲಟ್ ಅಂತು. ಅಡಗಿಮನ್ಯಾಗ ಹಲ್ಲು ಉದುರಿದವು, ಬಚ್ಚಲದ ತುಂಬ ರಕ್ತ ಆಯಿತು. ಆ ವರ್ಷ ಆ ಹೊಲ ಕುಡಿದ ಹಸಿ ಅಷ್ಟೇ.

ಕಡೀಕ ಮಚ್ಛೇಂದ್ರ ತಮ್ಮನ್ನ ಗ್ಯಾಲರಿಯಾಗ ಕೆಡವಿ, ಎದಿ ಮ್ಯಾಲ ಕಾಲಿಟ್ಟು, ಹೊಲದಾಗ ಬಿದ್ದಿದ್ದ ಕೊಡ್ಲಿ ಎತ್ತಿದ. ಒಂದು ಏಟಿನ ಮಾತು. ಅಷ್ಟರಾಗ ಅವ್ವ ಬಂದಳು. ಅಳಲಿಲ್ಲ, ಅಡ್ಡ ಬರಲಿಲ್ಲ.

"ಮಚ್ಛೇಂದ್ರಾ, ಹಿಂದ ಸರೀಬ್ಯಾಡಪಾ. ಹದಿನಾಲ್ಕು ಮಜಲಾ ಅದ, ಬೀಳ್ತಿ."

ಅಂವ ಖರೇನೇ ಬೆಚ್ಚಿ ಹಿಂದ ನೋಡಿದ. ಕೆಳಗಿದ್ದ ಕಾಶೀರಾಮ ಕುಡಗೋಲು ಬೀಸಿದ. ಕೊಡ್ಲಿ ಬಿತ್ತು, ಅದರ ಜೋಡಿ ಎರಡು ಬಟ್ಟೂ ಬಿದ್ದವು.

ಬಟ್ಟು ಟಾವೆಲಿನಾಗ ಕಟ್ಕೊಂಡು, ಅಣ್ಣನ್ನ ಜೀಪಿನಾಗ ಹಾಕ್ಕೊಂಡು, ಭಾಲ್ಕಿ ದವಾಖಾನಿಗೆ ಒಯ್ದಾಂವ ಕಾಶೀರಾಮನೇ. ಎಲ್ಲಿ ಆಯಿತು ಇದು ಅಂತ ಡಾಕ್ಟರ ಕೇಳಿದ.

"ದುಬೈದಾಗ್ರಿ. ಗ್ಯಾಲರಿಯಾಗ," ಅಂದ ಮಚ್ಛೇಂದ್ರ.

ಡಾಕ್ಟರ ಕೈ ಬಿಟ್ಟು ತಲಿ ನೋಡ್ಲಾಕ ಹತ್ತಿದ. ಅಣ್ಣ ಹೇಳೂದು ಖರೇ ಅದರಿ, ನಾನೂ ಅಲ್ಲೇ ಇದ್ದೆ ಅಂದ ಕಾಶೀರಾಮ. ಅವನ ತಲೀನೂ ನೋಡಿದ.

ಬಟ್ಟು ಕೂಡಲಿಲ್ಲ. ಆಜೂಬಾಜೂ ಪಲಂಗದ ಮ್ಯಾಲ ಬಿದ್ಕೊಂಡಾಗ ಮಚ್ಛೇಂದ್ರ ಅಂದ, "ಗ್ಯಾಲರಿ ನೀನೇ ಇಟ್ಕೋ."

ಕಾಶೀರಾಮ ಇದ್ದ ಒಂದು ಕಿವಿ ಕೆರಕೊಂಡ. "ಬ್ಯಾಡಣ್ಣಾ. ಅಲ್ಲಿ ನಿಂತ್ರ ತಲಿ ತಿರಗ್ತದ."

ಈಗ ಕಿರಾಯಿ ಬರ್ತದ, ಅರ್ಧಾ ಅರ್ಧಾ. ಮಳಿ ಬಂದು ಗೆರಿ ಅಳಿಸಿ ಹೋಗ್ಯಾದ, ತೊಗರಿ ಎದಿಮಟಾ ನಿಂತದ. ಆದ್ರ ಗ್ಯಾಲರಿ ಇದ್ದ ತುಂಡಿನಾಗ ಇಬ್ಬರೂ ಬಿತ್ತಂಗಿಲ್ಲ. ಅವ್ವ ಅಲ್ಲಿ ಆಡು ಕಟ್ತಾಳ. ದುಬೈ ಸಮುದ್ರ ನೋಡ್ಕೋತ ಮೆಲಕು ಹಾಕೋ ಆಡು ಆ ಭಾಗಕ್ಕೆಲ್ಲಾ ಅದೊಂದೇ.