ಕುಲುಕದ ಕಾರು

ಹಳೆಯ ಅಂಬಾಸಿಡರ್ ಕಾರಿನಲ್ಲಿ ಕುಳಿತವರು ತಿರುವು ಬಂದಾಗ ತಮಗರಿವಿಲ್ಲದೆಯೇ ಎದುರು ಬದಿಗೆ ವಾಲುವುದನ್ನು ನೀವು ಗಮನಿಸಿರಬಹುದು. ಗಾಡಿ ಎಡಕ್ಕೆ ಬಾಗಿದರೆ ನಾವು ಬಲಕ್ಕೆ, ಬಲಕ್ಕೆ ಬಾಗಿದರೆ ಎಡಕ್ಕೆ. ನಮ್ಮ ಬಡಕಲು ದೇಹದ ಭಾರದಿಂದಲೇ ಅಷ್ಟು ದೊಡ್ಡ ಕಬ್ಬಿಣದ ರಾಶಿ ನೆಟ್ಟಗಾಗುತ್ತದೆಂಬ ಭ್ರಮೆ. ಹಾನಗಲ್ಲಿನ ಕಾಲೇಜೊಂದರಲ್ಲಿ ಮೂವತ್ನಾಲ್ಕು ವರ್ಷ ಕನ್ನಡ ವ್ಯಾಕರಣ ಬೋಧಿಸಿ, ನನ್ನಿಂದಲೇ ಭಾಷೆ ನೆಟ್ಟಗಿದೆಯೆಂದು ನಂಬಿದ್ದ ನನಗೆ ಈ ಭ್ರಮೆ ತುಸು ಹೆಚ್ಚೇ ಇತ್ತು.

ಕಾರು ನನ್ನ ಮಾವನವರದು, ಹಿರೇಕೆರೂರಿನಿಂದ ಬಂದದ್ದು. ಕೆನೆಬಣ್ಣದ ಗಂಭೀರ ಮೈಕಟ್ಟು, ಒಳಗೆ ಸೋಫಾದಂಥ ಸೀಟು. ಗಂಟೆಗೆ ಐವತ್ತು ಕಿಲೋಮೀಟರಿನವರೆಗೆ ಅದು ಮಠದ ಸ್ವಾಮಿಗಳಂತೆ ಸಾಗುತ್ತಿತ್ತು. ಐವತ್ತು ದಾಟಿತೋ, ಮೈಮೇಲೆ ದೇವರು ಬಂದವರಂತೆ ಕುಣಿಯತೊಡಗುತ್ತಿತ್ತು. ಶಿಗ್ಗಾವಿಯಿಂದ ನನ್ನ ಜೊತೆ ಬಂದ ಸಹೋದ್ಯೋಗಿಯೊಬ್ಬರು ಇಳಿದ ಮೇಲೂ ಒಂದು ನಿಮಿಷ ಬಾಗಿಲು ಹಿಡಿದೇ ನಿಂತಿದ್ದು, “ಇದು ಪ್ರಯಾಣ ಅಲ್ರಿ ಸರ್, ಮಜ್ಜಿಗಿ ಕಡದಂಗ ಆತು” ಎಂದಿದ್ದರು. ಆ ಮಾತು ನನಗೆ ನಾಟಿತು. ನಿವೃತ್ತನಾದ ಮೇಲೆ ಮನುಷ್ಯನಿಗೆ ನಾಟಿಸಿಕೊಳ್ಳಲು ಬಿಡುವೂ ಧಾರಾಳವಾಗಿರುತ್ತದೆ.

ಸವಣೂರಿನಲ್ಲಿ ಖಾದರಸಾಬರೆಂಬ ಮಿಸ್ತ್ರಿ ಇದ್ದಾರೆ. ಹಳೆಯ ಗಾಡಿಗಳ ಮಟ್ಟಿಗೆ ಅವರು ಧನ್ವಂತರಿ. ಕಾರಿನ ಮೂಲೆಗಳನ್ನು ಒಮ್ಮೆ ಒತ್ತಿ ಬಿಟ್ಟು, ಅದು ಎಷ್ಟು ಸಲ ಜಿಗಿಯಿತೆಂದು ನೋಡಿಯೇ ರೋಗ ಹೇಳಬಲ್ಲರು. ನನ್ನ ಕಾರಿನ ನಾಲ್ಕೂ ಮೂಲೆ ಒತ್ತಿ ನೋಡಿ, ಅಡಿಯಲ್ಲಿ ನುಗ್ಗಿ ಹೊರಬಂದು, ಕೈ ಒರೆಸಿಕೊಳ್ಳುತ್ತ ಹೇಳಿದರು:

“ಸರ್, ಮೊದಲ ಬ್ರೇಕ್ ಮಾಡೂಣ್ರಿ. ಮುಂದಿನ ಗಾಲಿಗೆ ಡಿಸ್ಕ್ ಹಾಕೂಣು. ಆಮ್ಯಾಲೆ ಪಾಟಾ ನೋಡೂಣು.”

“ಬ್ರೇಕ್ ಛಲೋನ ಅದಾವಲ್ಲ, ಖಾದರಸಾಬ್ರ?”

“ಐವತ್ತಕ್ಕ ಛಲೋ ಅದಾವ್ರಿ. ಈಗ ಗಾಡಿ ಕುಣೀತೈತಿ, ಅದಕ್ಕ ನೀವು ಐವತ್ತು ದಾಟಂಗಿಲ್ಲ. ಕುಣಿಯೂದು ಬಿಡಿಸಿದ್ರ ದಾಟ್ತೀರಿ.”

“ಈ ವಯಸ್ಸಿನಾಗ ನಾ ಎಲ್ಲಿ ಜೋರ್ ಓಡಸ್ತೇನ್ರಿ. ಬ್ರೇಕ್ ಆಮ್ಯಾಲೆ ನೋಡೂಣಂತ ತಗೋರಿ,” ಎಂದು ನಾನು ನಕ್ಕೆ.

ಅವರು ನಗಲಿಲ್ಲ. ಡಿಸ್ಕ್ ತರಿಸಲು ಮೂರು ವಾರ ಬೇಕಿತ್ತು. ನನ್ನಲ್ಲಿ ಮೂರು ವಾರದ ತಾಳ್ಮೆ ಇರಲಿಲ್ಲ. ವಿಷಯ ಇಷ್ಟೇ.

ಎಂಟು ದಿನ ನಾನು ಅವರ ಶೆಡ್ಡಿನಲ್ಲಿ ಸ್ಟೂಲು ಹಾಕಿಕೊಂಡು ಕುಳಿತೆ. ಹಿಂದಿನ ಗಾಲಿಗಳ ಮೇಲಿನ ಪಾಟಾ, ಅಂದರೆ ಒಂದರ ಮೇಲೊಂದು ಪೇರಿಸಿದ ಬಿಲ್ಲಿನಂಥ ಉಕ್ಕಿನ ಪಟ್ಟಿಗಳು, ಬಿಚ್ಚಿಕೊಂಡವು. ಸೋತವು ಹೋಗಿ ಹೊಸವು ಕೂತವು. ಎಣ್ಣೆ ಸೋರುತ್ತಿದ್ದ ಶಾಕ್ ಅಬ್ಸಾರ್ಬರ್‌ಗಳ ಜಾಗಕ್ಕೆ ಗ್ಯಾಸಿನವು ಬಂದವು. ಸವೆದ ರಬ್ಬರ್ ಬುಷ್‌ಗಳು ಬದಲಾದವು. ತಿರುವಿನಲ್ಲಿ ಗಾಡಿ ವಾಲದಂತೆ ಮುಂದಿನ ಗಾಲಿಗಳ ನಡುವೆ ಅಡ್ಡಲಾಗಿ ದಪ್ಪನೆಯ ಸರಳೊಂದು ಸೇರಿತು. ಕೊನೆಗೆ ಅಗಲವಾದ ಹೊಸ ಟೈರುಗಳು.

ಆಮೇಲಿನ ಕಾರಿನ ಬಗ್ಗೆ ನಿಮಗೆ ಏನು ಹೇಳಲಿ? ತಿರುವಿನಲ್ಲಿ ಅದು ಅಲುಗಲಿಲ್ಲ. ತಗ್ಗುಗಳು ಎಲ್ಲೋ ಪಕ್ಕದ ಮನೆಯಲ್ಲಿ ಯಾರೋ ಕೆಮ್ಮಿದಷ್ಟೇ ಕೇಳಿಸಿದವು. ನಾನು ಕಾರಣವಿಲ್ಲದೆ ಸವಣೂರಿಗೆ ಎಲೆ ತರಲು ಹೋಗತೊಡಗಿದೆ. ಹಾನಗಲ್ಲಿನಲ್ಲಿ ವೀಳ್ಯದೆಲೆ ಸಿಗುವುದಿಲ್ಲವೇ ಎಂದು ಹೆಂಡತಿ ಕೇಳಿದರೆ, ರುಚಿಭೇದದ ಮೇಲೆ ಉಪನ್ಯಾಸ ಕೊಟ್ಟೆ. ನಿಜ ಹೇಳಬೇಕೆಂದರೆ ನಾನು ತಿರುವುಗಳ ರುಚಿಗೆ ಹೋಗುತ್ತಿದ್ದೆ. ಮುಳ್ಳು ಎಂಬತ್ತನ್ನು ಮುಟ್ಟುವುದನ್ನು ನೋಡುತ್ತಿದ್ದೆ. ನೋಡಿರಲಿಲ್ಲವೆಂದು ಆಮೇಲೆ ಹೇಳಬೇಕೆನಿಸಿತ್ತು, ಆದರೆ ನೋಡಿದ್ದೆ.

ಎರಡನೆಯ ವಾರ, ಮಧ್ಯಾಹ್ನ ನಾಲ್ಕರ ಸುಮಾರಿಗೆ, ಬಂಕಾಪುರ ದಾಟಿ ಹಾನಗಲ್ಲಿನ ಕಡೆ ಬರುತ್ತಿದ್ದೆ. ಒಂದು ಹಳ್ಳಿಯ ಮುಂಚಿನ ತಿರುವನ್ನು ಎಂಬತ್ತರಲ್ಲೇ ಹಾಯ್ದೆ. ತಿರುವಿನ ಆಚೆ ಗುಲಾಬಿ ಸೀರೆಯ ಹೆಣ್ಣುಮಗಳೊಬ್ಬಳು ರಸ್ತೆ ದಾಟುತ್ತಿದ್ದಳು. ಬ್ರೇಕ್ ಒತ್ತಿದೆ, ಇದ್ದ ಬಲವನ್ನೆಲ್ಲ ಹಾಕಿ ಒತ್ತಿದೆ. ಕಾರು ಕುಣಿಯಲಿಲ್ಲ, ವಾಲಲಿಲ್ಲ. ಹೇಳಿಕೊಟ್ಟಷ್ಟೇ ಶಿಸ್ತಿನಿಂದ, ನೆಟ್ಟಗೆ, ಅವಳತ್ತ ಹೋಯಿತು.

ಅವಳ ಹೆಸರು ರೇಣವ್ವ. ಆ ಹಳ್ಳಿಯ ಆಶಾ ಕಾರ್ಯಕರ್ತೆ, ನಲವತ್ತರ ಒಳಗಿನವಳು. ಹೊಲದ ಮನೆಯೊಂದರಲ್ಲಿ ಬಾಣಂತಿಯನ್ನು ನೋಡಿ ಮರಳುತ್ತಿದ್ದಳು. ಕೂಸುಗಳನ್ನು ತೂಗುವ ತಕ್ಕಡಿ ಅವಳ ಚೀಲದಿಂದ ಹಾರಿ ಡಾಂಬರಿನ ಮೇಲೆ ಬಿದ್ದಿತ್ತು. ಬಲ ಮೊಣಕಾಲು ಇರಬೇಕಾದ ರೀತಿಯಲ್ಲಿ ಇರಲಿಲ್ಲ. ಓಡಿ ಬಂದವರು ಅವಳನ್ನು ಎತ್ತಿ ನನ್ನ ಕಾರಿನ ಹಿಂದಿನ ಸೀಟಿನಲ್ಲೇ ಮಲಗಿಸಿದರು. ಅವರೊಂದಿಗೆ ಓಡಿ ಬಂದಿದ್ದ ಅವಳ ಅಕ್ಕ ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಳು. ಹುಬ್ಬಳ್ಳಿಯ ದೊಡ್ಡ ಆಸ್ಪತ್ರೆಯವರೆಗೆ ನಾನೇ ಓಡಿಸಿದೆ. ದಾರಿಯುದ್ದಕ್ಕೂ ಕಾರು ಒಮ್ಮೆಯೂ ಕುಲುಕಲಿಲ್ಲ. ರೇಣವ್ವ ಒಂದೇ ಮಾತನ್ನು ಮತ್ತೆ ಮತ್ತೆ ಹೇಳುತ್ತಿದ್ದಳು: “ಆ ಕೂಸಿನ ತೂಕ ಬರಕೊಂಡಿಲ್ಲ ಅಕ್ಕ, ಎರಡೂವರಿ ಐತಿ, ಬರಕೋ.”

ಮರುದಿನ ಹಿರೇಕೆರೂರಿನಿಂದ ನನ್ನ ಹೆಂಡತಿಯ ತಮ್ಮ ಶಿವಾನಂದ ಬಂದ. ಕೆಟ್ಟವನಲ್ಲ, ನಮ್ಮವರು ಎಂದರೆ ಎಂಥ ಕೆಲಸಕ್ಕೂ ನಿಲ್ಲುವವನು. ಚಹಾ ಕುಡಿಯುತ್ತ ಸಮಾಧಾನವಾಗಿ ಹೇಳಿದ: “ಮಾಮಾ, ನೀವು ಸುಮ್ಮನಿರ್ರಿ. ಆಕಿ ಒಮ್ಮೆಲೆ ಅಡ್ಡ ಬಂದ್ಲು ಅಂತ ಪೊಲೀಸರಿಗೆ ಹೇಳಿಕಿ ಕೊಡೂಣು. ಬ್ರೇಕ್ ಛಲೋ ಇದ್ದೂವು ಅಂತ ಮಿಸ್ತ್ರಿ ಕಡಿಂದ ಒಂದು ಚೀಟಿ ತಗೊಂಡ್ರ ಮುಗೀತು.”

ಅಡ್ಡ ಬಂದಳು. ಕರ್ತೃಪದ ಅವಳು, ಕ್ರಿಯೆ ಅವಳದು. ನಾನಾಗಲಿ ನನ್ನ ಎಂಬತ್ತಾಗಲಿ ಆ ವಾಕ್ಯದಲ್ಲಿ ಎಲ್ಲಿಯೂ ಇಲ್ಲ. ಇಂಥ ವಾಕ್ಯವನ್ನು ವಿದ್ಯಾರ್ಥಿ ಬರೆದಿದ್ದರೆ ಕೆಂಪು ಶಾಯಿಯಲ್ಲಿ ಅಡಿಗೆರೆ ಎಳೆಯುತ್ತಿದ್ದೆ. ಈಗ ಅವನ ಗಾಡಿ ಹತ್ತಿ ಸವಣೂರಿಗೆ ಹೋದೆ.

ಖಾದರಸಾಬರು ಶಿವಾನಂದನ ಮಾತನ್ನು ಪೂರ್ತಿ ಕೇಳಿದರು. ಸಿಟ್ಟಾಗಲಿಲ್ಲ. “ನಾ ಏನ್ ಹೇಳಿದ್ದೆ ಅಂತ ಸರ್‌ಗೆ ಗೊತ್ತೈತ್ರಿ. ಬರಕೊಡು ಅಂದ್ರ ಅದನ್ನ ಬರಕೊಡ್ತೇನಿ,” ಎಂದರು. ಆಮೇಲೆ ನನ್ನ ಕಡೆ ತಿರುಗಿ, ನಿಜವಾಗಿಯೂ ಗೊತ್ತಿಲ್ಲದವರು ಕೇಳುವ ಹಾಗೆ ಕೇಳಿದರು: “ಸರ್, ಅದಕ್ಕ ನೀವು ಏನ್ ಅಂದ್ರಿ ಅನ್ನೂದೂ ಬರೀಲೇನ್ರಿ?”

ಶೆಡ್ಡಿನಲ್ಲಿ ನಾನು ಎಂಟು ದಿನ ಕುಳಿತಿದ್ದ ಸ್ಟೂಲು ಅಲ್ಲೇ ಇತ್ತು, ಆದರೆ ಕೂರಿ ಎಂದು ಅವರು ಹೇಳಲಿಲ್ಲ. ಮರಳುವ ದಾರಿಯಲ್ಲಿ ಪೊಲೀಸ್ ಠಾಣೆಯ ಮುಂದೆ ಗಾಡಿ ನಿಲ್ಲಿಸಲು ಶಿವಾನಂದನಿಗೆ ಹೇಳಿದೆ. ಒಳಗೆ ಹೋಗಿ ಇದ್ದದ್ದನ್ನು ಇದ್ದ ಹಾಗೆ ಬರೆಸಿದೆ: ವೇಗ, ತಿರುವು, ಮಿಸ್ತ್ರಿ ಹೇಳಿದ್ದು, ನಾನು ನಕ್ಕದ್ದು. ಇದನ್ನು ನನ್ನ ಸತ್ಯನಿಷ್ಠೆಯೆಂದು ದಯವಿಟ್ಟು ತಿಳಿಯಬೇಡಿ. ಖಾದರಸಾಬರು ಚೀಟಿ ಬರೆದುಕೊಟ್ಟಿದ್ದರೆ ನಾನು ಅದನ್ನು ಮಡಚಿ ಕಿಸೆಯಲ್ಲಿಟ್ಟುಕೊಳ್ಳುತ್ತಿದ್ದೆ.

ಕೋರ್ಟಿನಲ್ಲಿ ತಪ್ಪೊಪ್ಪಿಕೊಂಡೆ, ಶಿಕ್ಷೆಯಾಯಿತು, ಲೈಸೆನ್ಸು ಹೋಯಿತು. ಶಿವಾನಂದ ಒಂದು ವರ್ಷ ಮಾತಾಡಲಿಲ್ಲ. ರೇಣವ್ವನ ಮೊಣಕಾಲಿಗೆ ಮೂರು ಸಲ ಆಪರೇಷನ್ ಆಯಿತು, ಆದರೆ ಅದು ಮಡಚಲಿಲ್ಲ. ಓಣಿ ಓಣಿ ತಿರುಗುವ ಕೆಲಸ ಅವಳಿಂದಾಗದೆ ಬಿಟ್ಟುಬಿಟ್ಟಳು. ನಾನು ಹಣ್ಣು ಹಿಡಿದುಕೊಂಡು ಎರಡು ಸಲ ಅವಳ ಮನೆಗೆ ಹೋದೆ. ಎರಡನೆಯ ಸಲ ಅವಳ ಅಕ್ಕ ಬಾಗಿಲಿನವರೆಗೆ ನನ್ನ ಹಿಂದೆ ಬಂದು ಮೆಲ್ಲಗೆ ಹೇಳಿದಳು: “ಇನ್ನ ಬರಬ್ಯಾಡ್ರಿ ಸರ್. ಸಿಟ್ಟಿಲ್ಲ. ನೀವು ಬಂದ್ರ ಆಕಿ ಎದ್ದು ಕುರ್ಚಿ ಹಾಕಬೇಕಾಗತೈತಿ.”

ಹೋಗುವುದನ್ನು ಬಿಟ್ಟೆ. ಕಾರನ್ನೂ ಬಿಟ್ಟೆ, ಹೊದಿಕೆಯಡಿ ನಿಂತಿದೆ. ಅದರ ಕುಲುಕಾಟವೆಲ್ಲ ರಸ್ತೆ ನನ್ನೊಡನೆ ಆಡುತ್ತಿದ್ದ ಮಾತಾಗಿತ್ತು, ಆ ಬಾಯನ್ನು ನಾನೇ ಮುಂದೆ ನಿಂತು ಕಟ್ಟಿಸಿದೆ ಎಂದು ಈಗ ಅನ್ನಿಸುತ್ತದೆ. ಆದರೆ ಇಂಥ ತಿಳಿವಳಿಕೆಯಿಂದ ಯಾರ ಮೊಣಕಾಲೂ ಮಡಚುವುದಿಲ್ಲ.

ಹೋದ ತಿಂಗಳು ಬಂಕಾಪುರದಲ್ಲಿ ಹಾನಗಲ್ಲಿನ ಬಸ್ಸು ಹತ್ತಿದೆ. ಕಿಟಕಿಯ ಪಕ್ಕ ಜಾಗ ಸಿಕ್ಕಿತು. ಬಸ್ಸು ಹೊರಡುವಾಗ ರೇಣವ್ವ ಹತ್ತಿದಳು, ಒಂದು ಕೈಯಲ್ಲಿ ಸಂತೆಯ ಚೀಲ. ನಾನು ಎದ್ದು ನಿಂತೆ.

“ಬಾರವ್ವ, ಕುಂದ್ರು.”

“ನೀವ ಕುಂದ್ರಿ ಸರ್. ಸೀಟಿನ ಸಂದ್ಯಾಗ ನನ್ನ ಕಾಲ ಹಿಡ್ಯಂಗಿಲ್ಲ. ನಿಂತ್ರನ ಆರಾಮ.”

ಕೂರಲು ನನಗಾಗಲಿಲ್ಲ. ಅವಳೂ ಕೂರಲಿಲ್ಲ. “ಯಾರರ ಒಬ್ರು ಕುಂದ್ರಿ, ದಾರಿ ಬಿಡ್ರಿ,” ಎಂದ ಕಂಡಕ್ಟರ್. ಇಬ್ಬರೂ ಮೇಲಿನ ಸರಳು ಹಿಡಿದು ನಿಂತೇ ಇದ್ದೆವು. ಅವಳ ಊರು ಬಂತು. ಮೆಟ್ಟಿಲ ಬಳಿ ನಾನು ಕೈ ಚಾಚಿದೆ. ಅವಳು ಕೈಯನ್ನು ಒಂದು ಕ್ಷಣ ನೋಡಿ, ಅದರಲ್ಲಿ ತನ್ನ ಚೀಲವನ್ನಿಟ್ಟಳು. ಎರಡೂ ಕೈಯಿಂದ ಕಂಬಿ ಹಿಡಿದು, ಮಡಚದ ಕಾಲನ್ನು ಮೊದಲು ಕೆಳಗಿಳಿಸಿ, ತಾನೇ ಇಳಿದಳು. ಆಮೇಲೆ ತಿರುಗಿ ಚೀಲ ಇಸಿದುಕೊಂಡು, “ಬರ್ತೇನ್ರಿ ಸರ್,” ಎಂದಳು.

ಬಸ್ಸು ಹೊರಟಿತು. ಕಿಟಕಿಯ ಪಕ್ಕದ ಜಾಗ ಖಾಲಿಯೇ ಇತ್ತು. ಹಾನಗಲ್ಲು ಬರುವವರೆಗೂ ನಾನು ನಿಂತೇ ಇದ್ದೆ.